ಇಪ್ಪತ್ತಮೂರು ಕಿಲೋ



ನಾನು ದಾವಣಗೆರೆಯವನು. ಮೂವತ್ತು ವರ್ಷದಿಂದ ಅಮೆರಿಕದಲ್ಲಿದ್ದೇನೆ. ಮೊದಲು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನಲ್ಲಿ, ಆಮೇಲೆ ಅಟ್ಲಾಂಟಾದಲ್ಲಿ, ಈಗ ಉತ್ತರ ಕೆರೊಲೈನಾದ ಶಾರ್ಲೆಟ್ ಹತ್ತಿರ. ಕಂಪ್ಯೂಟರಿನ ಮುಂದೆ ಕೂರುವುದು ಕೆಲಸ. ಅದೂ ಇನ್ನೊಂದು ವರ್ಷಕ್ಕೆ ಮುಗಿಯುತ್ತದೆ. ಊರಿಗೆ ಬಂದವನನ್ನು ಭದ್ರಾವತಿ ಆಕಾಶವಾಣಿಯವರು ಕರೆದು, ನಿವೃತ್ತಿಯ ತಯಾರಿ ಬಗ್ಗೆ ಒಂದಿಷ್ಟು ಮಾತಾಡಿ ಅಂದರು. ಡಾಲರು, ಬಡ್ಡಿ, ಉಳಿತಾಯ ಇವುಗಳ ಮಾತು ಬರುತ್ತದೆ ಅಂತ ಅವರು ಅಂದುಕೊಂಡಿರಬೇಕು. ಅದಕ್ಕೂ ಬರುತ್ತೇನೆ. ಆದರೆ ನನ್ನ ತಯಾರಿ ಶುರುವಾದದ್ದು ಬ್ಯಾಂಕಿನಲ್ಲಲ್ಲ, ಕಾರಿನ ಡಿಕ್ಕಿಯ ಹತ್ತಿರ.

ಎರಡು ವರ್ಷದ ಹಿಂದಿನ ಮಾತು. ನಮ್ಮಕ್ಕ ಮಗಳ ಬಾಣಂತನಕ್ಕೆಂದು ವರ್ಜೀನಿಯಾಕ್ಕೆ ಬರುವವಳಿದ್ದಳು. ಅವಳನ್ನು ಕರೆತರಲು ವಾಷಿಂಗ್ಟನ್ನಿನ ಡಲ್ಲೆಸ್ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಎರಡು ಸೂಟ್‌ಕೇಸು, ಒಂದೊಂದೂ ಸರಿಯಾಗಿ ಇಪ್ಪತ್ತಮೂರು ಕಿಲೋ. ವಿಮಾನದವರು ಬಿಡುವುದೇ ಅಷ್ಟು. ಒಂದು ಗ್ರಾಮನ್ನೂ ಅಕ್ಕ ಅವರಿಗೆ ಬಿಟ್ಟುಕೊಟ್ಟಿರಲಿಲ್ಲ. ಅಂಟಿನುಂಡೆ, ಬಾಣಂತಿ ಖಾರದ ಪುಡಿ, ಬಜೆ, ಮಂಡಕ್ಕಿ, ಮಗುವಿಗೆ ಹಳೆಯ ಹತ್ತಿ ಸೀರೆಯ ಬಟ್ಟೆ. ಮೊದಲನೆಯದನ್ನು ಎತ್ತಿ ಡಿಕ್ಕಿಗೆ ಹಾಕಿದೆ. ಎರಡನೆಯದನ್ನು ತಳ್ಳುಗಾಡಿಯಿಂದ ಎತ್ತಿ, ಹಾಗೇ ಸೊಂಟ ತಿರುಗಿಸಿ ಒಳಗಿಡಲು ಹೋದೆ. ಅಷ್ಟೇ. ಸೊಂಟದಲ್ಲಿ ಯಾರೋ ಹಗ್ಗ ಬಿಗಿದಂತಾಯಿತು. ಬಗ್ಗಿದವನು ಬಗ್ಗಿದಂತೆಯೇ ನಿಂತೆ. ಅರವತ್ತಾರು ವರ್ಷದ ಅಕ್ಕ, ಹತ್ತೊಂಬತ್ತು ತಾಸು ಪ್ರಯಾಣ ಮಾಡಿ ಬಂದವಳು, "ಸರಿಯೋ ಆ ಕಡೆ, ದೊಡ್ಡ ಮನುಷ್ಯ" ಅಂದು ಸೂಟ್‌ಕೇಸನ್ನು ಮೊಣಕಾಲಿಗೆ ಆನಿಸಿಕೊಂಡು ಒಳಗೆ ತಳ್ಳಿದಳು. ಕಾರು ಓಡಿಸಿದವನು ಅಕ್ಕನ ಅಳಿಯ. ನಾನು ಹಿಂದಿನ ಸೀಟಿನಲ್ಲಿ ಒರಗಿ ಮಲಗಿದ್ದೆ.

ಆಮೇಲೆ ಫಿಸಿಯೋಥೆರಪಿಯವಳ ಹತ್ತಿರ ಹೋದೆ. ಎಷ್ಟು ಭಾರ ಎತ್ತಿದಿರಿ ಎಂದು ಕೇಳಿದಳು. ಹೇಳಿದೆ. ನಕ್ಕಳು. ಇಪ್ಪತ್ತಮೂರು ಕಿಲೋ ಅನ್ನುವುದು ಅವಳ ಪುಸ್ತಕದಲ್ಲೂ ಇರುವ ಅಂಕಿಯಂತೆ.

ಮನೆಗೆ ಬಂದು ಹುಡುಕಿ ಓದಿದೆ. ದುಡಿಯುವ ಜಾಗದಲ್ಲಿ ಮೈಗೆ ಆಗುವ ಹಾನಿಯನ್ನು ಅಧ್ಯಯನ ಮಾಡಲೆಂದೇ ಅಮೆರಿಕ ಸರ್ಕಾರ ಕಟ್ಟಿದ ಸಂಸ್ಥೆಯೊಂದಿದೆ. ನಯಾಶ್ ಎಂದು ಅದರ ಮೊಟಕು ಹೆಸರು. 1970ರ ಕಾಯ್ದೆಯಿಂದ ಹುಟ್ಟಿದ್ದು. ವಾಷಿಂಗ್ಟನ್ನಿನಲ್ಲೂ ಅಟ್ಲಾಂಟಾದಲ್ಲೂ ಕಚೇರಿಗಳಿವೆ. ಭಾರ ಎತ್ತುವುದಕ್ಕೆ ಅವರೊಂದು ಸೂತ್ರ ಮಾಡಿದ್ದಾರೆ. 1991ರಲ್ಲಿ ಅದನ್ನು ತಿದ್ದಿ ಬರೆದ ಮೇಲೆ ಗುಣಾಕಾರ ಶುರುವಾಗುವುದು ಇಪ್ಪತ್ತಮೂರು ಕಿಲೋದಿಂದ. ಆ ಭಾರವನ್ನಾದರೂ ಎತ್ತಬೇಕಾದರೆ ಎಲ್ಲವೂ ಸರಿಯಿರಬೇಕು: ವಸ್ತು ಹೊಟ್ಟೆಗೆ ಹತ್ತಿರವಿರಬೇಕು, ನೆಲದಿಂದ ಎತ್ತದೆ ಸೊಂಟದ ಮಟ್ಟದ ಹತ್ತಿರದಿಂದ ಎತ್ತಬೇಕು, ಹಿಡಿ ಚೆನ್ನಾಗಿರಬೇಕು, ಮೈ ತಿರುಚಬಾರದು, ಪದೇಪದೇ ಎತ್ತಬಾರದು. ಒಂದೊಂದು ತಪ್ಪಿಗೂ ಆ ಅಂಕಿಯಿಂದ ಒಂದಿಷ್ಟು ಕಳೆಯುತ್ತಾ ಹೋಗಬೇಕು. ನಾನು ಎತ್ತಿದ ಭಂಗಿಗೆ ಲೆಕ್ಕ ಹಾಕಿ ನೋಡಿದೆ. ಹನ್ನೆರಡು ಕಿಲೋ ದಾಟಲಿಲ್ಲ.

ಆಗ ನೆನಪಾದದ್ದು ದಾವಣಗೆರೆ ಎಪಿಎಂಸಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿಗೆ ಹಲಗೆ ಆನಿಸಿ, ಐವತ್ತು ಕಿಲೋಗೆ ಕಡಿಮೆಯಿಲ್ಲದ ಚೀಲವನ್ನು ಬೆನ್ನಿನ ಮೇಲೆ ಹೊತ್ತು ಓಡುತ್ತಾ ಹತ್ತುವ ಹಮಾಲರು. ಆ ಸೂತ್ರದಲ್ಲಿ ಇವರನ್ನು ಕೂರಿಸಲು ಜಾಗವೇ ಇಲ್ಲ.

ನಮ್ಮ ಭಾಷೆಗೆ ಈ ವಿಷಯ ಎಷ್ಟು ಚೆನ್ನಾಗಿ ಗೊತ್ತು ನೋಡಿ. ಮೈ ಮುರಿದು ದುಡಿದ ಅನ್ನುತ್ತೇವೆ. ರಟ್ಟೆ ಸವೆಸಿ ಸಾಕಿದ. ಬೆನ್ನು ಬಗ್ಗಿಸಿ ಗೇಯ್ದ. ಗಾಣದೆತ್ತಿನ ಹಾಗೆ ಸುತ್ತಿದ. ಇವೆಲ್ಲ ಹೊಗಳಿಕೆಯ ಮಾತು ಅಂದುಕೊಂಡಿದ್ದೆ. ಸೊಂಟ ಹಿಡಿದು ಮಲಗಿದ ಮೂರು ವಾರದಲ್ಲಿ ಅನ್ನಿಸಿತು, ಇವು ಹೊಗಳಿಕೆಯಲ್ಲ, ಡಾಕ್ಟರ ಚೀಟಿ. ಮುರಿದದ್ದು ಯಾವುದು, ಸವೆದದ್ದು ಯಾವುದು, ಬಗ್ಗಿದ್ದು ಯಾವುದು ಅಂತ ಹೆಸರು ಹಿಡಿದು ಬರೆದ ಚೀಟಿ.

ಈಗ ನಮ್ಮ ಸೋದರಮಾವನ ವಿಷಯ ಹೇಳಬೇಕು. ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸ. ಮಿಲ್ಲಿನ ಹೆಸರು ಬೇಡ. ಬ್ಲೋ ರೂಮು, ಕಾರ್ಡಿಂಗು ಅಂತ ಅವನ ಬಾಯಲ್ಲಿ ಕೇಳುತ್ತಿದ್ದೆವು. ಹತ್ತಿಯ ಬೇಲು ಬಿಚ್ಚಿ, ಬಡಿದು, ಕಸ ತೆಗೆದು, ಬಾಚುವ ಜಾಗಗಳು ಅವು. ಎಪ್ಪತ್ತರ ದಶಕ. ಪಾಳಿ ಮುಗಿಸಿ ಬಂದರೆ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ನಾವು ಮಕ್ಕಳು ಅವನನ್ನು ಅಜ್ಜ ಅಂತ ಕರೆದು ನಗುತ್ತಿದ್ದೆವು. ಅಂಗಿ ಕೊಡವಿದರೆ ಅಂಗಳದಲ್ಲಿ ಎಳೆಯೆಳೆಯಾಗಿ ಹತ್ತಿ ತೇಲುತ್ತಿತ್ತು. ಅವನದೊಂದು ವಿಚಿತ್ರ ಇತ್ತು. ರಜೆಯ ದಿನ ಆರಾಮಾಗಿರುತ್ತಿದ್ದ, ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಲು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಸಂಜೆ ಮಾತ್ರ ಎದೆ ಬಿಗಿದು, ಗೋಡೆಗೆ ಒರಗಿ ಕೂತು ಕೆಮ್ಮುತ್ತಿದ್ದ. "ರಜಾ ಸಿಕ್ಕರೆ ಇವನಿಗೆ ಆಗಿಬರಲ್ಲ" ಅಂತ ನಮ್ಮ ಅತ್ತೆ ತಮಾಷೆ ಮಾಡುತ್ತಿದ್ದಳು. ಕೊನೆಗೆ ಎಲ್ಲ ದಿನವೂ ಆ ದಿನವೇ ಆಯಿತು. ಬೀಡಿ ಕಾರಣ ಅಂದರು, ದಮ್ಮು ಅಂದರು. ಐವತ್ತೆಂಟಕ್ಕೆ ನಿವೃತ್ತಿ, ಅರವತ್ತೇಳಕ್ಕೆ ತೀರಿಕೊಂಡ. ಕೈಗೆ ಬರುತ್ತಿದ್ದ ಪಿಂಚಣಿ ತಿಂಗಳಿಗೆ ಸಾವಿರ ರೂಪಾಯಿ ಮುಟ್ಟಲಿಲ್ಲ.

ಆ ಮೊದಲ ದಿನದ ಕೆಮ್ಮಿಗೆ ಒಂದು ಹೆಸರಿದೆ ಅನ್ನುವುದು ನನಗೆ ಗೊತ್ತಾದದ್ದು ಶಾರ್ಲೆಟ್ಟಿಗೆ ಬಂದ ಮೇಲೆ.

ಶಾರ್ಲೆಟ್ಟಿನಿಂದ ನಲವತ್ತು ಕಿಲೋಮೀಟರ್ ದೂರದಲ್ಲಿ ಕನ್ನಾಪೊಲಿಸ್ ಅನ್ನುವ ಊರಿದೆ. ಹೆದ್ದಾರಿಯ ಫಲಕದಲ್ಲಿ ಆ ಹೆಸರು ಮೊದಲ ಸಲ ನೋಡಿದ ಕನ್ನಡಿಗರೆಲ್ಲ ಮಾಡುವ ತಮಾಷೆಯನ್ನು ನಾನೂ ಮಾಡಿದ್ದೇನೆ: ಕನ್ನ ಹಾಕುವವರೂ ಪೊಲೀಸರೂ ಒಂದೇ ಊರಲ್ಲಿ. ನಿಜಕ್ಕೆ ಅದು ಕ್ಯಾನನ್ ಎಂಬ ಮನೆತನದ ಟವೆಲ್ ಮಿಲ್ಲು ಕಟ್ಟಿದ ಊರು. ಮನೆ ಮಿಲ್ಲಿನದು, ಬೀದಿ ಮಿಲ್ಲಿನದು. ಎರಡೂ ಕೆರೊಲೈನಾಗಳ ಉದ್ದಕ್ಕೂ ಇಂಥ ಊರುಗಳಿದ್ದವು. ಅಲ್ಲಿಯ ಕೂಲಿಗಳನ್ನು ಪೇಟೆಯ ಜನ 'ಲಿಂಟ್‌ಹೆಡ್' ಅಂದು ಹೀಗಳೆಯುತ್ತಿದ್ದರು, ತಲೆಯಲ್ಲಿ ಹತ್ತಿಯ ಜೂಲು ಹೊತ್ತವರು ಅಂತ. ಅದನ್ನು ಓದಿದಾಗ ನಮ್ಮ ಮಾವನ ಹುಬ್ಬು ಕಣ್ಣಿಗೆ ಕಟ್ಟಿತು.

ಅವರ ಕಾಯಿಲೆಗೆ ವೈದ್ಯರು ಇಟ್ಟ ಹೆಸರು ಬಿಸಿನೋಸಿಸ್. ಜನ ಕರೆದದ್ದು ಬ್ರೌನ್ ಲಂಗ್, ಕಂದು ಶ್ವಾಸಕೋಶ ಅಂತ. ಅದರ ಮೊದಲ ಗುರುತೇ ಸೋಮವಾರ. ಎರಡು ದಿನ ಧೂಳಿನಿಂದ ದೂರವಿದ್ದು ಮತ್ತೆ ಒಳಗೆ ಹೋದ ದಿನ ಎದೆ ಬಿಗಿಯುತ್ತದೆ. ಮುಂದಿನ ದಿನಗಳಲ್ಲಿ ಸಡಿಲವಾಗುತ್ತದೆ. ವರ್ಷಗಳು ಕಳೆದಂತೆ ಸಡಿಲವಾಗುವುದು ನಿಲ್ಲುತ್ತದೆ. ನಮ್ಮ ಅತ್ತೆಯ ತಮಾಷೆ ಪಠ್ಯಪುಸ್ತಕದ ಮೊದಲ ಪುಟದಲ್ಲಿತ್ತು. ಇಂಗ್ಲೆಂಡ್ ಇದಕ್ಕೆ ಪರಿಹಾರ ಕೊಡಲು ಶುರುಮಾಡಿದ್ದು 1940ರ ದಶಕದಲ್ಲಿ. ಅಮೆರಿಕದ ಮಿಲ್ ಮಾಲೀಕರು ಇನ್ನೂ ಮೂವತ್ತು ವರ್ಷ ಅಂಥದ್ದೇನೂ ಇಲ್ಲ, ಸಿಗರೇಟು ಕಾರಣ ಅಂದರು. ಬೀಡಿ ಅಂದವರು, ಸಿಗರೇಟು ಅಂದವರು — ಸಮುದ್ರದ ಎರಡು ದಡದಲ್ಲೂ ಒಂದೇ ಉತ್ತರ. 1975ರಲ್ಲಿ ಉಸಿರು ಸಿಗದ ಮುದುಕರು, ಮುದುಕಿಯರು ಸೇರಿ ಕೆರೊಲೈನಾ ಬ್ರೌನ್ ಲಂಗ್ ಸಂಘ ಕಟ್ಟಿದರು. 1978ರಲ್ಲಿ ಗಾಳಿಯಲ್ಲಿ ಹತ್ತಿಧೂಳು ಎಷ್ಟಿರಬಹುದು ಅನ್ನುವುದಕ್ಕೆ ಸರ್ಕಾರ ಮಿತಿ ಹಾಕಿತು. ಶಾರ್ಲೆಟ್ ಅಬ್ಸರ್ವರ್ ಪತ್ರಿಕೆ ಈ ಬಗ್ಗೆ ಬರೆದ ಲೇಖನಮಾಲೆಗೆ 1981ರಲ್ಲಿ ಪುಲಿಟ್ಜರ್ ಬಂತು. ಅದೇ ವರ್ಷ ಸುಪ್ರೀಂ ಕೋರ್ಟು ಧೂಳಿನ ಮಿತಿಯನ್ನು ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ ನಮ್ಮ ಮಾವ ಬ್ಲೋ ರೂಮಿನಲ್ಲಿ ಮೂಗಿಗೆ ವಸ್ತ್ರ ಕಟ್ಟಿಕೊಂಡು ನಿಂತಿದ್ದ.

ಉಸಿರಿನ ಕತೆ ಇಷ್ಟು. ಕನ್ನಾಪೊಲಿಸ್ಸಿನವರ ಪಿಂಚಣಿಯ ಕತೆ ಇನ್ನೂ ಒಂದಿದೆ. 1982ರಲ್ಲಿ ಡೇವಿಡ್ ಮರ್ಡಾಕ್ ಎಂಬ ಉದ್ಯಮಿ ಕ್ಯಾನನ್ ಮಿಲ್ಲುಗಳನ್ನು ಕೊಂಡರು. ಕೆಲಸಗಾರರ ಪಿಂಚಣಿ ನಿಧಿಯಲ್ಲಿ ಕೊಡಬೇಕಾದದ್ದಕ್ಕಿಂತ ಹೆಚ್ಚು ದುಡ್ಡಿತ್ತು. ಕೆಲ ವರ್ಷಕ್ಕೆ ಆ ನಿಧಿಯನ್ನು ಮುಚ್ಚಿ, ಹೆಚ್ಚುವರಿಯನ್ನು ತೆಗೆದುಕೊಂಡು, ಪಿಂಚಣಿ ಕೊಡುವ ಹೊಣೆಯನ್ನು ಕ್ಯಾಲಿಫೋರ್ನಿಯಾದ ಎಕ್ಸಿಕ್ಯುಟಿವ್ ಲೈಫ್ ಎಂಬ ವಿಮೆ ಕಂಪನಿಗೆ ವಹಿಸಿದರು. ಇದರಲ್ಲಿ ಕಾನೂನು ಮೀರಿದ್ದೇನಿಲ್ಲ. ಆ ಕಾಲದಲ್ಲಿ ಬೇಕಾದಷ್ಟು ಕಂಪನಿಗಳು ಹೀಗೇ ಮಾಡಿದವು. ಆ ವಿಮೆ ಕಂಪನಿ ಹೆಚ್ಚು ಬಡ್ಡಿಯ ಆಸೆಗೆ ಗಟ್ಟಿಯಿಲ್ಲದ ಸಾಲಪತ್ರಗಳಲ್ಲಿ ಹಣ ಹಾಕಿತ್ತು. 1991ರಲ್ಲಿ ಮುಳುಗಿತು. ಸಾವಿರಾರು ಮಿಲ್ ನಿವೃತ್ತರ ಚೆಕ್ಕಿನಲ್ಲಿ ಶೇಕಡಾ 30 ಕಡಿತ. ವಾಷಿಂಗ್ಟನ್ನಿನಲ್ಲಿ ಪಿಂಚಣಿಗಳಿಗೆಂದೇ ಒಂದು ಸರ್ಕಾರಿ ಖಾತರಿ ನಿಗಮವಿದೆ. ಆದರೆ ಹೊಣೆ ವಿಮೆ ಕಂಪನಿಗೆ ದಾಟಿದ ಕ್ಷಣದಲ್ಲಿ ಆ ಖಾತರಿಯ ಕೊಡೆಯಿಂದ ಇವರು ಹೊರಗಾಗಿದ್ದರು. ಪುಪ್ಪುಸವನ್ನು ಮಿಲ್ಲಿಗೆ ಕೊಟ್ಟಾಗಿತ್ತು; ಅದಕ್ಕೆ ಪ್ರತಿಯಾಗಿ ಬರಬೇಕಾದ ಚಿಲ್ಲರೆಯಲ್ಲೂ ಮೂರರಲ್ಲಿ ಒಂದು ಪಾಲಿನಷ್ಟು ದಾರಿಯಲ್ಲಿ ಬಿದ್ದುಹೋಯಿತು.

2003ರ ಜುಲೈ 30ಕ್ಕೆ ಮಿಲ್ಲೇ ಮುಚ್ಚಿತು. ಆಗ ಅದರ ಹೆಸರು ಪಿಲ್ಲೊಟೆಕ್ಸ್. ಉತ್ತರ ಕೆರೊಲೈನಾ ರಾಜ್ಯವೊಂದರಲ್ಲೇ ಸುಮಾರು 4,800 ಜನ ಒಂದೇ ದಿನ ಮನೆಗೆ. ಎಂಪಿಎಂ ಕಾಗದದ ಕಾರ್ಖಾನೆ ನಿಂತದ್ದನ್ನು ಕಂಡ ಭದ್ರಾವತಿಯವರಿಗೆ ಆ ದಿನ ಊರು ಹೇಗಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮರ್ಡಾಕ್ ಅವರೇ ಮತ್ತೆ ಬಂದು ಮಿಲ್ಲಿನ ಜಾಗವನ್ನು ಕೊಂಡು, ಅದನ್ನು ಕೆಡವಿ, ಆಹಾರ ಮತ್ತು ಆರೋಗ್ಯದ ಸಂಶೋಧನಾ ಕೇಂದ್ರ ಕಟ್ಟಿಸಿದರು. ತರಕಾರಿ, ಹಣ್ಣು ತಿಂದು ನೂರಿಪ್ಪತ್ತೈದು ವರ್ಷ ಬದುಕುತ್ತೇನೆ ಅಂತ ಹೇಳುತ್ತಿದ್ದವರು ಅವರು. 2025ರಲ್ಲಿ, ನೂರೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಕೇಂದ್ರದ ಹುಲ್ಲುಹಾಸಿನ ಮೇಲೆ ನಾನು ಎಷ್ಟೋ ಸಲ ಓಡಾಡಿದ್ದೇನೆ. ಬಿಳಿ ಕಂಬಗಳ ದೊಡ್ಡ ಕಟ್ಟಡ, ಒಂದು ಚೂರು ಧೂಳಿಲ್ಲ.

ನಮ್ಮ ಕಡೆ ಕನಿಷ್ಠ ಪಿಂಚಣಿ ಸಾವಿರ ರೂಪಾಯಿ ಅಂತ ಆದದ್ದು 2014ರಲ್ಲಿ, ಪ್ರಾವಿಡೆಂಟ್ ಫಂಡಿನ ಯೋಜನೆಯಲ್ಲಿ. ಮಾವ ಇರಲಿಲ್ಲ. ಇದ್ದಿದ್ದರೂ ಈಗಿನ ಸಾವಿರಕ್ಕೆ ಇನ್‌ಹೇಲರ್ ಬರುತ್ತಿತ್ತು, ಅದರ ಜೊತೆ ಬೇರೇನೂ ಬರುತ್ತಿರಲಿಲ್ಲ.

ಅಮೆರಿಕದ ಸರ್ಕಾರಿ ಪಿಂಚಣಿಗೆ ಸೋಷಿಯಲ್ ಸೆಕ್ಯುರಿಟಿ ಅಂತ ಹೆಸರು. ಅದರ ಮುಖ್ಯ ಕಚೇರಿ ನಾನು ಮೊದಲಿದ್ದ ಮೇರಿಲ್ಯಾಂಡಿನ ವುಡ್‌ಲಾನಿನಲ್ಲಿದೆ. 1935ರಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ ಕಾನೂನು ಬಂತು. ತಿಂಗಳ ಪಿಂಚಣಿಯ ಮೊದಲ ಚೆಕ್ಕು 1940ರ ಜನವರಿಯಲ್ಲಿ ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್ ಎಂಬಾಕೆಗೆ ಬಂತು, 22 ಡಾಲರ್ 54 ಸೆಂಟ್. ಆಕೆ ಮೂರು ವರ್ಷದಲ್ಲಿ ಕಟ್ಟಿದ್ದ ಒಟ್ಟು ತೆರಿಗೆ 24 ಡಾಲರ್ 75 ಸೆಂಟ್. ನೂರು ವರ್ಷ ಬದುಕಿ 1975ರಲ್ಲಿ ಹೋಗುವಷ್ಟರಲ್ಲಿ ಇಪ್ಪತ್ತೆರಡು ಸಾವಿರ ಡಾಲರಿಗೂ ಹೆಚ್ಚು ಪಡೆದಿದ್ದಳು. ಇದನ್ನು ಎಲ್ಲರೂ ಸೋಜಿಗವೆಂದು ಹೇಳುತ್ತಾರೆ. ಅವರು ಹೇಳದೆ ಬಿಡುವುದು ಆಕೆಯ ಕೆಲಸ ಏನಿತ್ತು ಅನ್ನುವುದನ್ನು. ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿ. ಕುರ್ಚಿ, ಮೇಜು, ಕಿಟಕಿ. ಬ್ಲೋ ರೂಮಿನಲ್ಲಿ ನಿಂತವಳಿಗೆ ಮೊದಲ ಚೆಕ್ಕು ಬಂದಿದ್ದರೆ ಆ ಲೆಕ್ಕ ಎಷ್ಟಕ್ಕೆ ನಿಲ್ಲುತ್ತಿತ್ತೋ.

ಪಿಂಚಣಿಯ ಗಣಿತವೇ ಹಾಗೆ. ಯಾರು ಹೆಚ್ಚು ದಿನ ಬದುಕುತ್ತಾರೋ ಅವರ ಪರ. ಪೂರ್ತಿ ಪಿಂಚಣಿಯ ವಯಸ್ಸು ಮೊದಲು 65 ಇತ್ತು. 1983ರ ತಿದ್ದುಪಡಿಯಿಂದ, 1960 ಮತ್ತು ಆಮೇಲೆ ಹುಟ್ಟಿದ ನಮಗೆಲ್ಲ 67. ಮೈ ಕೇಳುವುದಿಲ್ಲ ಅಂತ 62ಕ್ಕೇ ತೆಗೆದುಕೊಂಡರೆ ನೂರಕ್ಕೆ ಎಪ್ಪತ್ತು ಮಾತ್ರ, ಕೊನೆಯವರೆಗೂ. 70ರ ತನಕ ತಡೆದರೆ ನೂರ ಇಪ್ಪತ್ತನಾಲ್ಕು. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಆದ್ದರಿಂದ ಹೆಚ್ಚು ಕಾಲ ದುಡಿಯಲಿ ಅನ್ನುವುದು ವಾದ. ಈ ವಾದ ಮಾಡುವವರು ಕೂತು ಮಾಡುತ್ತಾರೆ. ಅಟ್ಲಾಂಟಾದಿಂದ ಒಂದು ತಾಸಿನ ದಾರಿಯಲ್ಲಿರುವ ಗೇನ್ಸ್‌ವಿಲ್ ತನ್ನನ್ನು ಕೋಳಿಮಾಂಸದ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಅಂಥ ಕಾರ್ಖಾನೆಗಳಲ್ಲಿ ಸಾಲಾಗಿ ಹಾದುಹೋಗುವ ಕೋಳಿಯನ್ನು ಎಂಟು ತಾಸು ಒಂದೇ ಸಮ ಕತ್ತರಿಸುತ್ತಾ ನಿಲ್ಲುತ್ತಾರೆ. ದಕ್ಷಿಣ ಕೆರೊಲೈನಾದ ಒಂದು ಕಾರ್ಖಾನೆಯಲ್ಲಿ ನಯಾಶ್‌ನವರು ಪರೀಕ್ಷೆ ಮಾಡಿ 2014ರಲ್ಲಿ ವರದಿ ಕೊಟ್ಟರು: ಪರೀಕ್ಷಿಸಿದವರಲ್ಲಿ ನೂರಕ್ಕೆ 42 ಜನರ ಮಣಿಕಟ್ಟಿನ ನರ ಒತ್ತಿಹೋದ ಗುರುತಿತ್ತು. ನಮ್ಮ ಸಾಫ್ಟ್‌ವೇರಿನವರು ಕಾರ್ಪಲ್ ಟನಲ್ ಅಂದರೆ ಕೀಬೋರ್ಡಿನಿಂದ ನಮಗೇ ಬಂದ ವಿಶೇಷ ರೋಗ ಅನ್ನುವ ಹಾಗೆ ಹೇಳಿಕೊಳ್ಳುತ್ತೇವೆ. ಅವರಿಗೆ 67ರ ತನಕ ಚಾಕು ಹಿಡಿಯಿರಿ ಅಂದರೆ ಯಾವ ಕೈಯಲ್ಲಿ ಹಿಡಿಯಬೇಕು?

ಹಾಗಂತ ಕೂತು ದುಡಿದ ನಾವು ಬಚಾವಾದೆವು ಅಂದುಕೊಂಡರೆ ಅದೂ ಸುಳ್ಳು.

1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿಯ ಎರಡಂತಸ್ತಿನ ಬಸ್ಸಿನ ನೌಕರರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಡ್ರೈವರ್ ದಿನವಿಡೀ ಕೂರುತ್ತಾನೆ. ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಾನೆ. ಊರು ಒಂದು, ಬಸ್ಸು ಒಂದು. ಹೃದಯಾಘಾತ ಮಾತ್ರ ಡ್ರೈವರಿಗೆ ಹೆಚ್ಚು. ದಪ್ಪಗಿದ್ದವರೇ ಮೊದಲು ಡ್ರೈವರ್ ಕೆಲಸ ಆರಿಸಿಕೊಂಡಿರಬಹುದಲ್ಲ ಅಂತ ಅನುಮಾನ ಬಂದು, ಮಾರಿಸ್ ಕಂಪನಿ ಹೊಲಿಸಿಕೊಟ್ಟ ಪ್ಯಾಂಟುಗಳ ಸೊಂಟದ ಅಳತೆಯನ್ನೂ ತರಿಸಿ ನೋಡಿದರು. ಡ್ರೈವರುಗಳ ಸೊಂಟ ಮೊದಲಿನಿಂದಲೇ ದಪ್ಪವಿತ್ತು. ಪ್ರಶ್ನೆ ಸ್ವಲ್ಪ ಜಟಿಲವಾಯಿತು. ದರ್ಜಿಯ ಪುಸ್ತಕದಿಂದ ವೈದ್ಯವಿಜ್ಞಾನ ಮಾಡಿದ ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ. ನಮ್ಮ ಕೆಂಪು ಬಸ್ಸುಗಳಲ್ಲಿ ಈಗೀಗ ಡ್ರೈವರೂ ಕಂಡಕ್ಟರೂ ಒಬ್ಬನೇ ಆಗಿರುತ್ತಾನೆ. ಮಾರಿಸ್ ಇದ್ದಿದ್ದರೆ ಅವನನ್ನು ಯಾವ ಸಾಲಿಗೆ ಹಾಕುತ್ತಿದ್ದರೋ.

ಅಮೆರಿಕದಲ್ಲಿರುವ ನಮ್ಮ ಕಡೆಯವರ ಹೃದಯ, ಸಕ್ಕರೆ ಕಾಯಿಲೆಗಳ ಮೇಲೆ 2010ರಿಂದ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ಅದರ ಉದ್ದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದರೆ 'ಮಸಾಲಾ' ಆಗುತ್ತದೆ, ನಾನು ಕಟ್ಟಿ ಹೇಳುತ್ತಿಲ್ಲ. ತೂಕ ಹೆಚ್ಚಿಲ್ಲದವರಲ್ಲೂ ಸಕ್ಕರೆ ಕಾಯಿಲೆ ನಮ್ಮಲ್ಲಿ ಜಾಸ್ತಿ. ಬಿಳಿಯರಿಗೆ ಹಾಕಿದ ಅಳತೆ ನಮಗೆ ಸಾಲದು ಅಂತ ಅಲ್ಲಿಯ ಡಾಕ್ಟರರೂ ಈಗ ಒಪ್ಪುತ್ತಾರೆ. ಅದರ ಮೇಲೆ ನಮ್ಮ ಕೆಲಸದ ಸಮಯ ನೋಡಿ. ಹಗಲು ಅಲ್ಲಿಯ ಕೆಲಸ, ರಾತ್ರಿ ಒಂಬತ್ತೂವರೆಗೆ ಬೆಂಗಳೂರಿನ ತಂಡದ ಜೊತೆ ಫೋನು, ಅದು ಮುಗಿಯುವಷ್ಟರಲ್ಲಿ ಕೈಯಲ್ಲೊಂದು ಖಾರಾಬೂಂದಿ ಡಬ್ಬಿ. ಇಪ್ಪತ್ತು ವರ್ಷ ಹೀಗೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಆ ಗಾದೆಯನ್ನು ದುಡ್ಡಿನ ಬಗ್ಗೆ ಅಂತ ತಿಳಿದಿದ್ದೆ.

ನಮ್ಮ ಬಳಗ ಹೇಗೆ ಸವೆಯಿತು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಸರಳ ಅಳತೆಯಿದೆ. 2006ರಲ್ಲಿ ಬಾಲ್ಟಿಮೋರಿನಲ್ಲಿ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ. ವಾಷಿಂಗ್ಟನ್ ಪ್ರದೇಶದ ಕಾವೇರಿ ಕನ್ನಡ ಸಂಘದ ಹುಡುಗರ ಜೊತೆ ಸೇರಿ ನಾವು ಪೆಟ್ಟಿಗೆ ಹೊತ್ತೆವು, ಕುರ್ಚಿ ಹೊತ್ತೆವು, ರಾತ್ರಿ ಎರಡಕ್ಕೆ ಮಲಗಿ ಆರಕ್ಕೆದ್ದೆವು. 2012ರಲ್ಲಿ ಅಟ್ಲಾಂಟಾದಲ್ಲಿ ಸಮ್ಮೇಳನ, ನೃಪತುಂಗ ಕನ್ನಡ ಕೂಟದ ಊರು. ಅಷ್ಟರಲ್ಲಿ ನಾವು ಕೂರಲು ಕುರ್ಚಿ ಹುಡುಕುತ್ತಿದ್ದೆವು.

ದುಡ್ಡಿನ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಕೇಳುಗರಲ್ಲಿ ಹಲವರ ಮಕ್ಕಳು ಅಲ್ಲಿರಬಹುದು. ಸಂಬಳದಿಂದ ನೂರಕ್ಕೆ 6.2ರಂತೆ ಸೋಷಿಯಲ್ ಸೆಕ್ಯುರಿಟಿಗೆ ಹೋಗುತ್ತದೆ, ಕಂಪನಿಯೂ ಅಷ್ಟೇ ಕಟ್ಟುತ್ತದೆ. ಸುಮಾರು ಹತ್ತು ವರ್ಷದ ದುಡಿಮೆ, ಅವರ ಲೆಕ್ಕದಲ್ಲಿ ನಲವತ್ತು ಅಂಕ, ಆಗದಿದ್ದರೆ ಪಿಂಚಣಿ ಇಲ್ಲ. ಎಷ್ಟೋ ದೇಶಗಳ ಜೊತೆ ಅಮೆರಿಕ ಒಪ್ಪಂದ ಮಾಡಿಕೊಂಡು ಅಲ್ಲಿಯ ವರ್ಷ, ಇಲ್ಲಿಯ ವರ್ಷ ಕೂಡಿಸುತ್ತದೆ. ಭಾರತದ ಜೊತೆ ಅಂಥ ಒಪ್ಪಂದವಿಲ್ಲ. ಆರು ವರ್ಷ ದುಡಿದು ವೀಸಾ ಮುಗಿದು ಬೆಂಗಳೂರಿಗೆ ಮರಳಿದ ಹುಡುಗನ ಆ ದುಡ್ಡು ಅಲ್ಲೇ ಉಳಿಯುತ್ತದೆ. ಅವನ ಹೆಂಡತಿ ಅವಲಂಬಿತ ವೀಸಾದ ಮೇಲೆ ಹೋಗಿದ್ದರೆ, ಕೆಲಸ ಮಾಡಲು ಅನುಮತಿಯೇ ಇಲ್ಲದೆ ಎಷ್ಟೋ ವರ್ಷ ಅವಳ ಖಾತೆಯಲ್ಲಿ ಸೊನ್ನೆ. ಆ ಆರು ವರ್ಷ ಮನೆಯಲ್ಲಿ ನಿಂತು ಅಡಿಗೆ ಮಾಡಿದಳು, ಮಗುವನ್ನು ಎತ್ತಿದಳು, ಅದು ದುಡಿಮೆಯಲ್ಲ.

ಇನ್ನೊಂದು ವಿಷಯ. ರಿಟೈರ್ ಆಗಿ ಮೈಸೂರಿನಲ್ಲೋ ದಾವಣಗೆರೆಯಲ್ಲೋ ಇರೋಣ ಅನ್ನುವ ಆಸೆ ನಮ್ಮಲ್ಲಿ ಎಲ್ಲರಿಗೂ ಇದೆ. ಅಲ್ಲಿಯ ಪೌರತ್ವವಿದ್ದವರಿಗೆ ಸೋಷಿಯಲ್ ಸೆಕ್ಯುರಿಟಿ ಹಣ ಇಲ್ಲಿಗೂ ಬರುತ್ತದೆ. 65ರ ನಂತರದ ಆರೋಗ್ಯ ವಿಮೆ ಮೆಡಿಕೇರ್ ಬರುವುದಿಲ್ಲ. ಅದು ಸಮುದ್ರ ದಾಟದು. ಇಲ್ಲಿದ್ದೇನಲ್ಲ, ಡಾಕ್ಟರ ಖರ್ಚಿನ ಭಾಗಕ್ಕೆ ತಿಂಗಳ ಕಂತು ಯಾಕೆ ಕಟ್ಟಲಿ ಅಂತ ಬಿಟ್ಟರೆ, ಮುಂದೆ ಮರಳಿ ಹೋಗಿ ಸೇರುವಾಗ ಬಿಟ್ಟ ಒಂದೊಂದು ವರ್ಷಕ್ಕೂ ನೂರಕ್ಕೆ ಹತ್ತರಂತೆ ಕಂತು ಏರುತ್ತದೆ, ಆಯುಷ್ಯದುದ್ದಕ್ಕೂ. ಎಪ್ಪತ್ತರಲ್ಲಿ ಮೈಸೂರು ಚೆಂದ. ಎಂಬತ್ತರಲ್ಲಿ ಮಗಳು ಅಟ್ಲಾಂಟಾದಲ್ಲಿದ್ದಾಳೆ. ಯಾವ ಊರಿನಲ್ಲಿ ಮುದುಕನಾಗುತ್ತೇನೆ ಅನ್ನುವುದನ್ನು ಅರವತ್ತೆರಡನೆಯ ವಯಸ್ಸಿಗೇ, ಇನ್ನೂ ಮಂಡಿ ಗಟ್ಟಿಯಿರುವಾಗ, ಮುಂದೆ ಕೈಕೊಡುವ ಮಂಡಿಯ ಪರವಾಗಿ ತೀರ್ಮಾನ ಮಾಡಬೇಕು. ಎಕ್ಸೆಲ್ ಹಾಳೆಯಲ್ಲಿ ನಾನು ಹಾಕಿದ ಲೆಕ್ಕದಲ್ಲಿ ಹಣದುಬ್ಬರಕ್ಕೆ ಒಂದು ಸಾಲಿತ್ತು, ತೆರಿಗೆಗೆ ಒಂದು ಸಾಲಿತ್ತು. ಮಂಡಿಗೆ ಸಾಲಿರಲಿಲ್ಲ.

ಮಂಡಿ ಅಂದರೆ ಮತ್ತೆ ನಮ್ಮಕ್ಕ. ಮೂವತ್ತೈದು ವರ್ಷ ಪ್ರೈಮರಿ ಶಾಲೆಯಲ್ಲಿ ನಿಂತು ಪಾಠ ಹೇಳಿ ರಿಟೈರ್ ಆದವಳು. ರಿಟೈರ್ ಆದವಳಿಗೆ ವರ್ಜೀನಿಯಾದಲ್ಲಿ ಸಂಬಳವಿಲ್ಲದ ಹೊಸ ನೌಕರಿ. ಬೆಳಗ್ಗೆ ಐದಕ್ಕೆದ್ದು ಬಾಣಂತಿಗೆ ಎಣ್ಣೆ-ನೀರು, ಮೆಣಸಿನ ಸಾರು, ಮಧ್ಯಾಹ್ನ ಬಟ್ಟೆ ಮಡಚುವುದು, ರಾತ್ರಿ ಮಗುವನ್ನು ಹೆಗಲಿಗೆ ಹಾಕಿಕೊಂಡು ತಿರುಗುವುದು. ಮಗುವಿಗೆ ನೀರು ಹಾಕುವುದು ನೋಡಬೇಕಿತ್ತು. ಊರಲ್ಲಾದರೆ ಬಚ್ಚಲ ಮನೆಯಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎರೆಯುತ್ತಾರೆ. ಅಲ್ಲಿರುವುದು ಟಬ್ಬು. ಒಳಗೆ ಕೂತರೆ ಏಳಲಾಗದು; ಹೊರಗೆ ಮೊಣಕಾಲೂರಿ, ಅಂಚಿಗೆ ಎದೆ ಒತ್ತಿ, ಕೈ ಮಾತ್ರ ಒಳಗೆ ಚಾಚಬೇಕು. ದಿನಾ ಅರ್ಧ ತಾಸು, ಗಟ್ಟಿ ಟೈಲ್ಸಿನ ಮೇಲೆ. ನಾಲ್ಕನೇ ತಿಂಗಳಿಗೆ ಎಡ ಮಂಡಿ ಊದಿತು. ಪ್ರವಾಸಿಗರಿಗೆಂದು ಮಾಡಿಸಿದ್ದ ವಿಮೆಯವರು ಇದು ಮೊದಲೇ ಇದ್ದ ಕಾಯಿಲೆ ಅಂದರು. ಒಂದು ಲೆಕ್ಕಕ್ಕೆ ನಿಜ. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತದ್ದು ಮೊದಲೇ ಇತ್ತಲ್ಲ. ಅಕ್ಕ ಐಸ್ ಇಟ್ಟುಕೊಂಡು, ಮಣೆಯ ಬದಲು ಮೂರು ಟವೆಲು ಮಡಚಿ ಹಾಸಿಕೊಂಡು, ಆರನೇ ತಿಂಗಳ ತನಕ ನೀರು ಹಾಕಿಯೇ ಹೋದಳು. ಒಂದು ಟವೆಲಿನ ಮೂಲೆಯಲ್ಲಿ ಇನ್ನೂ ಕ್ಯಾನನ್ ಅಂತ ಅಕ್ಷರವಿತ್ತು. ಮಿಲ್ಲು ಹೋದ ಮೇಲೂ ಹೆಸರು ಮಾರಾಟವಾಗುತ್ತಿದೆ.

ಹೊರಡುವ ಮುಂಚೆ ನಮ್ಮ ಮನೆಗೂ ಹದಿನೈದು ದಿನಕ್ಕೆ ಬಂದಿದ್ದಳು. ಶಾರ್ಲೆಟ್ ಕಡೆಯ ಕನ್ನಡದವರು ಒಂದು ಶಾಲೆಯ ಹಾಲಿನಲ್ಲಿ ಯುಗಾದಿ ಇಟ್ಟುಕೊಂಡಿದ್ದರು. ಊಟ ತಡವಾಗಿತ್ತು, ಒಬ್ಬಟ್ಟು ಇನ್ನೂ ಬಿಸಿಯಾಗುತ್ತಿತ್ತು. ನಮ್ಮಲ್ಲೊಬ್ಬ ಡಾಕ್ಟರಮ್ಮ ಸುಮ್ಮನೆ ಕೂರುವವರಲ್ಲ. ಅಟ್ಲಾಂಟಾದ ಸಿಡಿಸಿ ರೋಗ ನಿಯಂತ್ರಣ ಕೇಂದ್ರದವರು ವಯಸ್ಸಾದವರು ಬೀಳುವ ಅಪಾಯ ಎಷ್ಟು ಅಂತ ನೋಡಲು ಮಾಡಿಸುವ ಒಂದು ಪರೀಕ್ಷೆಯನ್ನು ಅಲ್ಲೇ ಶುರುಮಾಡಿದರು. ಬಹಳ ಸುಲಭ. ಗೋಡೆಗಾನಿಸಿದ ಕುರ್ಚಿ. ಎರಡು ಕೈ ಎದೆಯ ಮೇಲೆ ಅಡ್ಡ ಕಟ್ಟಬೇಕು. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಎಣಿಸಬೇಕು. ಅರವತ್ತರಿಂದ ಅರವತ್ತನಾಲ್ಕರ ಗಂಡಸಿಗೆ ಹದಿನಾಲ್ಕಕ್ಕಿಂತ ಕಡಿಮೆಯಾದರೆ ಹುಷಾರು. ಅರವತ್ತೈದರಿಂದ ಅರವತ್ತೊಂಬತ್ತರ ಹೆಂಗಸಿಗೆ ಹನ್ನೊಂದಕ್ಕಿಂತ ಕಡಿಮೆಯಾದರೆ ಹುಷಾರು.

ಬ್ಯಾಂಕಿನ ಉಪಾಧ್ಯಕ್ಷರಾಗಿ ರಿಟೈರ್ ಆದವರು, ಎರಡು ಮನೆ ಬಾಡಿಗೆಗೆ ಕೊಟ್ಟವರು, ಯಾವ ವಯಸ್ಸಿಗೆ ಯಾವ ಖಾತೆಯಿಂದ ತೆಗೆಯಬೇಕು ಅಂತ ಎಲ್ಲರಿಗೂ ಪಾಠ ಹೇಳುವವರು, ಒಂಬತ್ತಕ್ಕೆ ನಿಂತರು. ನಾನು ಹನ್ನೆರಡು. ಸುತ್ತ ನಿಂತವರು ಒಂದು, ಎರಡು, ಮೂರು ಅಂತ ಕನ್ನಡದಲ್ಲಿ ಎಣಿಸುತ್ತಿದ್ದರು. ಅಲ್ಲೇ ಹುಟ್ಟಿದ ಮಕ್ಕಳಿಗೆ ಹತ್ತರ ಮೇಲಿನ ಎಣಿಕೆ ಬರದೆ ಅಲ್ಲಿಂದ ಮುಂದೆ ಇಂಗ್ಲಿಷಿಗೆ ದಾಟುತ್ತಿದ್ದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೂತಳು. ಎಂಟರ ತನಕ ಸಲೀಸಾಗಿ ಎದ್ದಳು. ಒಂಬತ್ತಕ್ಕೆ ಎಡ ಮಂಡಿ ಕಟಕ್ಕೆಂದಿತು, ಕೈ ತಾನಾಗಿ ಕುರ್ಚಿಯ ಅಂಚು ಹಿಡಿಯಿತು.

"ಕೈ ಊರಿದ್ರಿ. ಕೈ ಊರಿದರೆ ಸೊನ್ನೆ ಅಂತ ಬರೀಬೇಕು, ರೂಲ್ಸು" ಅಂದರು ಡಾಕ್ಟರಮ್ಮ.

"ಊರದೆ ಏನ್ ಮಾಡ್ಲಿ ತಾಯಿ, ಎಂಟು ಸಲ ಎದ್ದಿಲ್ವಾ?" ಅಂದಳು ಅಕ್ಕ. "ಬರೀರಿ ಎಂಟು ಅಂತ." ಎದ್ದು, ಸೆರಗು ಬಿಚ್ಚಿಕೊಂಡು, ಒಬ್ಬಟ್ಟು ಬಡಿಸಲು ಕೈ ಸಾಲದೆ ಕರೆಯುತ್ತಿದ್ದ ಹೆಂಗಸರ ಕಡೆ ನಡೆದಳು. ಕುಂಟುತ್ತಿದ್ದಳು, ಸ್ವಲ್ಪ.